ಒಂದನೇ ಕ್ಲಾಸಿಗೆ ಓದು-ಬರಹ: ಒಂದು ಸಲಹೆ

ವರ್ಣಮಾಲೆ ಪೂರ್ತಿ ಬಾಯಿಪಾಠ ಆಗಲಿ ಅಂತ ಕಾಯಬೇಡಿ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ, ಅಲ್ವಾ? ಇಷ್ಟರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಿಸಬಹುದು.

ಹಳೇ ಮದುವೆ ಕಾರ್ಡುಗಳ ಹಿಂದೆ ಒಂದೊಂದು ಅಕ್ಷರ ದಪ್ಪಗೆ ಬರೆದು ಕೊಡಿ. ‘ಸರ’ ಜೋಡಿಸಿದ ಮಗುವಿಗೆ ಕಾರ್ಡು ಅದಲುಬದಲು ಮಾಡಲು ಹೇಳಿ. ‘ರಸ’ ಆದಾಗ ಅದರ ಮುಖ ನೋಡಬೇಕು! ಆಮೇಲೆ ಕಾರ್ಡು ಮುಚ್ಚಿಟ್ಟು ಅದೇ ಪದ ಸ್ಲೇಟಿನಲ್ಲಿ ಬರೆಸಿ, ಬಾಯಲ್ಲಿ ಹೇಳಿಕೊಂಡೇ ಬರೆಯಲಿ. ಸುಮ್ನೆ ಪುಟಗಟ್ಟಲೆ ಕಾಪಿ ಬರೆಸೋದು ನನಗಂತೂ ಹಿಡಿಸೋದಿಲ್ಲ.

ವ, ಮ ಒಂದೇ ದಿನ ಕಲಿಸಿದರೆ ಗೊಂದಲ ಜಾಸ್ತಿ. ವ ಗಟ್ಟಿಯಾದ ಮೇಲೆ, ಅದರ ಬಲಕ್ಕೆ ಸುಳಿ ಸೇರಿಸಿ ಮ ತೋರಿಸಿ. ಒತ್ತಕ್ಷರಕ್ಕೆ ಅವಸರ ಬೇಡ, ಮೊದಲು ಕಾಗುಣಿತ ಕೂರಲಿ.