ನೀರ್‌ದೋಸೆ ಕಾವ್ಲಿ ಬಿಟ್ಟು ಏಳ್ತಾನೇ ಇರ್ಲಿಲ್ಲ, ಈಗ ಸರಿಯಾಯ್ತು
ತೀರ್ಥಹಳ್ಳಿ ಕಡೆ ಅಜ್ಜಿ ತೋಟದ ಮನೆಯಿಂದ ತಂದಿದ್ದ ಕಬ್ಬಿಣದ ಕಾವ್ಲೀನ ನಾನೇ ಸೋಪು ಹಾಕಿ ಸ್ಟೀಲ್ ನಾರಲ್ಲಿ ಗಸಗಸ ಉಜ್ಜಿಟ್ಟೆ (ಬುದ್ಧಿವಂತಿಕೆ ನೋಡಿ), ಆಮೇಲೆ ಒಂದು ದೋಸೆನೂ ಏಳ್ಲಿಲ್ಲ. ಹಿಟ್ಟೇ ಸರಿಯಿಲ್ಲ ಅಂತ ಮೂರು ದಿನ ಅಕ್ಕಿ, ಕಾಯಿತುರಿ ಅಳತೆ ಬದಲಾಯಿಸ್ತಾ ಕೂತೆ, ದಂಡ. ಅಮ್ಮಂಗೆ ಫೋನ್ ಮಾಡಿದ್ರೆ, ಹಿಟ್ಟಿಗಲ್ಲ ಕಣೇ, ಕಾವ್ಲಿಗೆ ಎಣ್ಣೆ ಕುಡಿಸು ಅಂದ್ರು. ಚೆನ್ನಾಗಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ಬರೋವರೆಗೂ ಕಾಯಿಸಿ ಆರಿಸೋದು, ಹೀಗೆ 4 ಸಲ. ಅಜ್ಜಿ ಬದನೆಕಾಯಿ ತೊಟ್ಟನ್ನ ಎಣ್ಣೇಲಿ ಅದ್ದಿ ಸವರ್ತಿದ್ರು, ನಾನು ಅರ್ಧ ಈರುಳ್ಳಿ ಫೋರ್ಕಿಗೆ ಚುಚ್ಕೊಂಡೆ. ಹಿಟ್ಟು ಮಜ್ಜಿಗೆಯಷ್ಟು ನೀರು, ಕಾವ್ಲಿ ಚುರ್ ಅನ್ಬೇಕು, ಮುಚ್ಚಳ ಮುಚ್ಚಿ ಬೇಯಿಸ್ಬೇಕು, ಮಗುಚೋದೇ ಬೇಡ. ಮೊದಲನೇದು ಹರೀತು, ಎರಡನೇದು ಅದಾಗೇ ಅಂಚು ಬಿಟ್ಟು ಎದ್ಬಂತು, ಬೆಲ್ಲ ಕಾಯಿ ಜೊತೆ ಅಲ್ಲೇ ನಿಂತ್ಕೊಂಡೇ ತಿಂದೆ.