ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳ ನಡುವೆ ಹಾರುವುದು ಹೇಗೆ? ಚಿಕ್ಕ ವಿಮಾನ ಮೊದಲು, ಪ್ಯಾರಿಸ್ ಟಿಕೆಟ್ ಆಮೇಲೆ

ಗ್ವಾಡಲೂಪ್‌ಗೋ ಮಾರ್ಟಿನಿಕ್‌ಗೋ ಹೋಗಬೇಕು ಅಂದುಕೊಂಡವರು ಮೊದಲು ಪ್ಯಾರಿಸ್ ಮಾರ್ಗದ ದೊಡ್ಡ ಟಿಕೆಟ್ ತೆಗೆದುಬಿಡುತ್ತಾರೆ. ಪಕ್ಕದ ದ್ವೀಪಕ್ಕೆ ಹೋಗುವುದು ಏನು ಮಹಾ, ಅಲ್ಲಿ ಇಳಿದ ಮೇಲೆ ನೋಡಿಕೊಂಡರಾಯಿತು ಅನ್ನುವ ಲೆಕ್ಕ. ದಯವಿಟ್ಟು ಹಾಗೆ ಮಾಡಬೇಡಿ. ದ್ವೀಪದಿಂದ ದ್ವೀಪಕ್ಕೆ ಹಾರುವ ಆ ಚಿಕ್ಕ ವಿಮಾನವನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಪ್ಯಾರಿಸ್‌ನಿಂದ ಈ ದ್ವೀಪಗಳಿಗೆ ದಿನವೂ ದೊಡ್ಡ ವಿಮಾನಗಳಿವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಚಿಕ್ಕ ವಿಮಾನದ ವಿಷಯ ಹಾಗಲ್ಲ. ಯಾವ ದ್ವೀಪ ಅನ್ನುವುದರ ಮೇಲೆ ವೀಸಾ ನಿಂತಿದೆ, ಲಸಿಕೆ ನಿಂತಿದೆ, ಕೆಲವು ಕಡೆ ಸೂರ್ಯ ಮುಳುಗುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ಮೊದಲು ನಕ್ಷೆ ನೋಡಿ

ಗ್ವಾಡಲೂಪ್ ಮತ್ತು ಮಾರ್ಟಿನಿಕ್ ಎರಡೂ ಫ್ರಾನ್ಸ್‌ನದೇ ಭಾಗ. ವಸಾಹತು ಅಲ್ಲ, ಪ್ಯಾರಿಸ್ ಸಂಸತ್ತಿಗೆ ಪ್ರತಿನಿಧಿಗಳನ್ನು ಕಳಿಸುವ, ಯೂರೋ ನಡೆಯುವ ಊರುಗಳು. ಎರಡರ ನಡುವೆ ಡೊಮಿನಿಕಾ ಅನ್ನುವ ಸ್ವತಂತ್ರ ದೇಶ ಕೂತಿದೆ. ಗ್ವಾಡಲೂಪ್‌ನ ವಿಮಾನ ನಿಲ್ದಾಣ ಪ್ವಾಂತ್-ಅ-ಪಿತ್ರ್ ಪಕ್ಕದಲ್ಲಿದೆ, ಕೋಡ್ ಪಿಟಿಪಿ. ಮಾರ್ಟಿನಿಕ್‌ನದು ಫೋರ್-ದ-ಫ್ರಾನ್ಸ್ ಹತ್ತಿರದ ಲಮಾಂತ್ಯಾಂನಲ್ಲಿದೆ, ಕೋಡ್ ಎಫ್‌ಡಿಎಫ್. ಕವಿ, ರಾಜಕಾರಣಿ ಎಮೆ ಸೆಝೇರ್ ಅವರ ಹೆಸರು ಅದಕ್ಕಿದೆ. ಇವೆರಡರ ನಡುವೆ ಸುಮಾರು 190 ಕಿಲೋಮೀಟರ್, ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟು ದೂರ. ವಿಮಾನ ಏರಿ ಇಳಿಯಲು ಮುಕ್ಕಾಲು ಗಂಟೆ ಸಾಕು.

ಮೂರನೆಯದು ಕಾಯೆನ್, ಕೋಡ್ ಸಿಎವೈ. ಇದು ದ್ವೀಪವಲ್ಲ, ದಕ್ಷಿಣ ಅಮೆರಿಕದ ನೆಲದಲ್ಲಿರುವ ಫ್ರೆಂಚ್ ಗಯಾನಾದ ರಾಜಧಾನಿ. ಯೂರೋಪಿನ ರಾಕೆಟ್‌ಗಳು ಹಾರುವ ಕೂರೂ ಅಲ್ಲೇ ಹತ್ತಿರ. ನಮ್ಮ ಇಸ್ರೋದ ಎಷ್ಟೋ ಸಂವಹನ ಉಪಗ್ರಹಗಳು ಮೇಲಕ್ಕೇರಿದ್ದು ಈ ಕೂರೂವಿನಿಂದಲೇ, ಹಾಗಾಗಿ ಬೆಂಗಳೂರಿನ ಎಂಜಿನಿಯರ್‌ಗಳಿಗೆ ಕಾಯೆನ್ ಹೊಸ ಹೆಸರೇನಲ್ಲ. ಮಾರ್ಟಿನಿಕ್‌ನಿಂದ ಕಾಯೆನ್‌ಗೆ ಸುಮಾರು 1,440 ಕಿಲೋಮೀಟರ್, ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಬೇಕು. ಗಡಿಯಾರವನ್ನೂ ಒಂದು ಗಂಟೆ ಮುಂದೆ ತಿರುಗಿಸಬೇಕು.

ಯಾರು ಹಾರಿಸುತ್ತಾರೆ?

ಏರ್ ಫ್ರಾನ್ಸ್ ಈ ಭಾಗದಲ್ಲಿ ತನ್ನದೇ ಒಂದು ಪುಟ್ಟ ಜಾಲ ನಡೆಸಿಕೊಂಡು ಬಂದಿದೆ. ಪ್ವಾಂತ್-ಅ-ಪಿತ್ರ್‌ನಲ್ಲಿ ಏರ್‌ಬಸ್ ಎ320 ಇಟ್ಟುಕೊಂಡು ಫೋರ್-ದ-ಫ್ರಾನ್ಸ್, ಕಾಯೆನ್, ಮಯಾಮಿ ಕಡೆಗೆ ಹಾರಿಸುತ್ತಾ ಬಂದಿದೆ. ಅಟ್ಲಾಂಟಿಕ್ ದಾಟಿ ಬಂದ ದೊಡ್ಡ ವಿಮಾನದ ಪ್ರಯಾಣಿಕರನ್ನು ಮುಂದಿನ ಊರಿಗೆ ಮುಟ್ಟಿಸುವುದು ಒಂದು ಕೆಲಸ, ಇಲ್ಲಿನವರನ್ನೇ ಊರಿಂದ ಊರಿಗೆ ಒಯ್ಯುವುದು ಇನ್ನೊಂದು. ಈ ಎರಡನೆಯದೇ ನನಗೆ ದೊಡ್ಡದಾಗಿ ಕಾಣುವುದು. ಇಲ್ಲಿನ ಒಂದೇ ಕುಟುಂಬ ಎರಡು ದ್ವೀಪಗಳಲ್ಲಿ ಹಂಚಿಹೋಗಿರುತ್ತದೆ. ಆಂಟಿಲೀಸ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಗ್ವಾಡಲೂಪ್‌ನಲ್ಲೂ ಇವೆ, ಮಾರ್ಟಿನಿಕ್‌ನಲ್ಲೂ ಇವೆ. ಒಂದು ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ರೋಗಿಯನ್ನು ಇನ್ನೊಂದು ದ್ವೀಪಕ್ಕೆ ಕಳಿಸುತ್ತಾರೆ. ನೀವು ಪ್ರವಾಸಕ್ಕೆ ಅಂತ ಕೂತ ಸೀಟಿನ ಪಕ್ಕದಲ್ಲಿ ಪರೀಕ್ಷೆಗೋ, ಅಜ್ಜಿಯ ಮಣ್ಣಿಗೋ ಹೊರಟವರು ಇರುತ್ತಾರೆ. ಅದಕ್ಕೇ ಶಾಲೆಗಳ ರಜೆ, ಕಾರ್ನಿವಲ್, ಈಸ್ಟರ್, ಕ್ರಿಸ್‌ಮಸ್ ಹೊತ್ತಿನಲ್ಲಿ ಸೀಟು ಬೇಗ ತುಂಬುತ್ತದೆ, ಬೆಲೆಯೂ ಏರುತ್ತದೆ.

ಏರ್ ಕರಾಯ್ಬ್ ಇನ್ನೊಂದು ಮುಖ್ಯ ಕಂಪನಿ. ಅದರ ಎಟಿಆರ್ 72 ಅಂದರೆ ಪ್ರೊಪೆಲರ್ ವಿಮಾನ, ಬೆಂಗಳೂರಿನಿಂದ ಹುಬ್ಬಳ್ಳಿಗೋ ಮೈಸೂರಿಗೋ ಹಾರಿದವರಿಗೆ ಪರಿಚಯದ ಜಾತಿಯೇ. ಏರ್ ಆಂಟಿಲ್ ಅನ್ನುವ ಮೂರನೆಯ ಹೆಸರೂ ಕಣ್ಣಿಗೆ ಬೀಳಬಹುದು. ಅದರ ಮಾತೃ ಕಂಪನಿ 2023ರಲ್ಲಿ ದಿವಾಳಿಯಾಗಿ ವಿಮಾನಗಳು ನೆಲ ಹಿಡಿದವು, 2024ರಲ್ಲಿ ಸೇಂಟ್ ಮಾರ್ಟಿನ್ ದ್ವೀಪದ ಸ್ಥಳೀಯ ಆಡಳಿತದ ಹಣ ಸೇರಿ ಮತ್ತೆ ಶುರುವಾಯಿತು, 2025ರ ಡಿಸೆಂಬರ್‌ನಲ್ಲಿ ಹಾರಾಟ ಮತ್ತೆ ನಿಂತಿತು. ಚಿಕ್ಕ ಕಂಪನಿಗಳ ಬದುಕು ಇಲ್ಲಿ ಕಷ್ಟದ್ದು. ಆದ್ದರಿಂದ ಹಳೆಯ ಪ್ರವಾಸ ಲೇಖನ ಓದಿ ಈ ಕಂಪನಿ ಇದೆ, ಈ ಮಾರ್ಗ ಇದೆ ಅಂತ ಯೋಜನೆ ಹಾಕಬೇಡಿ. ನೀವು ಹೊರಡುವ ವಾರದ ವೇಳಾಪಟ್ಟಿಯನ್ನು ಕಂಪನಿಯ ಸೈಟಿನಲ್ಲೇ ನೋಡಿ. ಟಿಕೆಟ್ ಮೇಲೆ ಒಂದು ಹೆಸರಿದ್ದು ಹಾರಿಸುವವರು ಬೇರೆ ಇರಬಹುದು, ಆ ಸಾಲನ್ನೂ ಓದಿಕೊಳ್ಳಿ.

ವೀಸಾ: ಇಲ್ಲೇ ಜಾಸ್ತಿ ಜನ ಎಡವುವುದು

ಗ್ವಾಡಲೂಪ್, ಮಾರ್ಟಿನಿಕ್, ಫ್ರೆಂಚ್ ಗಯಾನಾ ಯೂರೋಪಿಯನ್ ಒಕ್ಕೂಟದೊಳಗೆ ಇವೆ, ಆದರೆ ಒಂದೇ ವೀಸಾದಲ್ಲಿ ಯೂರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದೊಳಗೆ ಇಲ್ಲ. ಈ ಒಂದು ಸಾಲನ್ನು ಎರಡು ಸಲ ಓದಿ. ಕೈಯಲ್ಲಿ ಷೆಂಗೆನ್ ವೀಸಾ ಇದೆ, ಐಫೆಲ್ ಗೋಪುರ ನೋಡಿ ಆಯಿತು, ಅದು ಫ್ರಾನ್ಸೇ ತಾನೇ ಅಂತ ಭಾರತದ ಪಾಸ್‌ಪೋರ್ಟ್ ಹಿಡಿದು ಹೊರಟರೆ ಪ್ಯಾರಿಸ್‌ನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಈ ಪ್ರದೇಶಗಳಿಗೆ ಸಲ್ಲುತ್ತದೆ ಅಂತ ವೀಸಾ ಮೇಲೆ ಬರೆದಿರಬೇಕು.

ಅರ್ಜಿ ಹಾಕುವುದು ಫ್ರಾನ್ಸ್-ವೀಸಾ ಅನ್ನುವ ಸರ್ಕಾರಿ ಸೈಟಿನಲ್ಲಿ. ಎಲ್ಲಿಗೆ ಹೋಗುತ್ತೀರಿ ಅನ್ನುವ ಕಡೆ ಸುಮ್ನೆ ಫ್ರಾನ್ಸ್ ಅಂತ ಒತ್ತಬೇಡಿ, ಗ್ವಾಡಲೂಪ್ ಅಥವಾ ಮಾರ್ಟಿನಿಕ್ ಅಂತಲೇ ಆರಿಸಿ. ಪ್ಯಾರಿಸ್‌ನಲ್ಲೂ ನಾಲ್ಕು ದಿನ ಇರುವ ಆಸೆ ಇದ್ದರೆ ಎರಡೂ ಬೇಕು ಅಂತ ಅರ್ಜಿ ಹಾಕುವಾಗಲೇ ಹೇಳಿ. ಆಮೇಲೆ ಕಾಗದಪತ್ರ, ಬೆರಳಚ್ಚು ಕೊಡಲು ವೀಸಾ ಕೇಂದ್ರಕ್ಕೆ ಹೋಗಬೇಕು, ಬೆಂಗಳೂರಿನಲ್ಲೂ ಕೇಂದ್ರ ಇದೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಯೋಜನೆಯನ್ನು ಪತ್ರದಲ್ಲಿ ಬಿಡಿಸಿ ಬರೆಯಿರಿ: ಯಾವ ದಿನ ಎಲ್ಲಿ, ಯಾವ ವಿಮಾನ, ಯಾವ ರಾತ್ರಿ ಯಾವ ಮನೆ. ಚಿಕ್ಕ ವಿಮಾನವನ್ನು ಮೊದಲು ಗೊತ್ತುಮಾಡಿ ಅಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಆ ಪಟ್ಟಿ ಇಲ್ಲದೆ ಅರ್ಜಿ ಅರ್ಧಂಬರ್ಧ.

ಯೂರೋಪಿನಲ್ಲಿ ಇರುವ ಕನ್ನಡಿಗರಿಗೂ ಒಂದು ಮಾತು. ಜರ್ಮನಿಯದೋ ನೆದರ್ಲೆಂಡ್ಸಿನದೋ ವಾಸದ ಕಾರ್ಡ್ ಇದ್ದರೆ ಪ್ಯಾರಿಸ್‌ಗೆ ಆರಾಮಾಗಿ ಹೋಗಬಹುದು. ಅದೇ ಧೈರ್ಯದಲ್ಲಿ ಮಾರ್ಟಿನಿಕ್ ಟಿಕೆಟ್ ಕೊಳ್ಳಬೇಡಿ, ಮೊದಲು ಫ್ರೆಂಚ್ ಕಾನ್ಸುಲೇಟ್‌ನಿಂದ ಲಿಖಿತ ಉತ್ತರ ಪಡೆಯಿರಿ.

ಮಯಾಮಿ ಮೂಲಕ ಹೋದರೆ ಅಮೆರಿಕದ ವೀಸಾ ಬೇಕು. ಬರೀ ವಿಮಾನ ಬದಲಿಸುವುದಕ್ಕೂ ಬೇಕು, ಅಲ್ಲಿ ವಿನಾಯಿತಿ ಇಲ್ಲ. ಪ್ಯಾರಿಸ್‌ನಲ್ಲಿ ವಿಮಾನ ಬದಲಿಸುವುದಾದರೆ ನಿಮ್ಮ ವಿಮಾನಗಳು ಒಂದೇ ನಿಲ್ದಾಣದಲ್ಲಿ ಇವೆಯೇ ನೋಡಿ. ಏರ್ ಫ್ರಾನ್ಸ್ ಈ ದ್ವೀಪಗಳಿಗೆ ಬಹಳ ಕಾಲ ಓರ್ಲಿ ನಿಲ್ದಾಣದಿಂದ ಹಾರಿಸುತ್ತಿತ್ತು. 2026ರ ಬೇಸಿಗೆ ಹೊತ್ತಿಗೆ ಶಾರ್ಲ್ ದ ಗೋಲ್‌ಗೆ ಬರುವುದಾಗಿ 2023ರಲ್ಲಿ ಘೋಷಿಸಿತು. ಏರ್ ಕರಾಯ್ಬ್ ಮತ್ತು ಕೋರ್ಸೇರ್ ಅನ್ನುವ ಇನ್ನೊಂದು ಕಂಪನಿಯ ವಿಮಾನಗಳು ಹೊರಡುವುದು ಓರ್ಲಿಯಿಂದ. ಬೆಂಗಳೂರಿನ ವಿಮಾನ ಇಳಿಯುವುದು ಶಾರ್ಲ್ ದ ಗೋಲ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಊರೊಳಗೆ ಕಾಲಿಡಬೇಕು, ಅಂದರೆ ಷೆಂಗೆನ್ ವೀಸಾವೂ ಬೇಕಾಯಿತು.

ಟಿಕೆಟ್ ಕೊಳ್ಳುವಾಗ

ಆಗುವುದಾದರೆ ದೊಡ್ಡ ಹಾರಾಟ, ಚಿಕ್ಕ ಹಾರಾಟ ಎರಡೂ ಒಂದೇ ಬುಕಿಂಗ್‌ನಲ್ಲಿ ಇರಲಿ. ಪ್ಯಾರಿಸ್ ವಿಮಾನ ತಡವಾಗಿ ದ್ವೀಪದ ವಿಮಾನ ತಪ್ಪಿದರೆ ಮುಂದಿನದರಲ್ಲಿ ಕೂರಿಸುವ ಹೊಣೆ ಆಗ ಕಂಪನಿಯದು. ಬೇರೆ ಬೇರೆ ಕೊಂಡರೆ ಆ ಹೊಣೆ ನಿಮ್ಮ ತಲೆಗೆ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಬೇರೆ ಕೊಂಡಿದ್ದೇ ಆದರೆ ನಡುವೆ ಒಂದು ರಾತ್ರಿ ಬಿಡಿ. ವಾಪಸು ಬರುವಾಗಲೂ ಅಷ್ಟೇ, ದೊಡ್ಡ ವಿಮಾನ ಇರುವ ದ್ವೀಪಕ್ಕೆ ಹಿಂದಿನ ದಿನವೇ ಬಂದು ಸೇರಿ.

ಇನ್ನೂ ಒಳ್ಳೆಯ ದಾರಿ ಒಂದಿದೆ. ಹೋಗುವುದು ಪ್ಯಾರಿಸ್‌ನಿಂದ ಗ್ವಾಡಲೂಪ್‌ಗೆ, ಬರುವುದು ಮಾರ್ಟಿನಿಕ್‌ನಿಂದ ಪ್ಯಾರಿಸ್‌ಗೆ. ನಡುವೆ ಒಂದೇ ಒಂದು ಚಿಕ್ಕ ಹಾರಾಟ, ಬಂದ ದಾರಿಗೆ ಮತ್ತೆ ಸುಂಕ ಇಲ್ಲ.

ಸಾಮಾನು ನೋಡಿಕೊಳ್ಳಿ. ಏರ್ ಫ್ರಾನ್ಸ್ ಇಕಾನಮಿಯಲ್ಲಿ ಕೈಚೀಲ, ಸಣ್ಣ ಬ್ಯಾಗ್ ಎರಡೂ ಸೇರಿ 12 ಕಿಲೋ. ಎಲ್ಲಕ್ಕಿಂತ ಅಗ್ಗದ ಲೈಟ್ ದರದಲ್ಲಿ ಕೆಳಗೆ ಹಾಕುವ ಸಾಮಾನು ಸೇರಿರುವುದಿಲ್ಲ. ಎಟಿಆರ್‌ನಲ್ಲಂತೂ ತಲೆ ಮೇಲಿನ ಗೂಡು ಚಿಕ್ಕದು, ಚಕ್ರದ ಪೆಟ್ಟಿಗೆ ಹಿಡಿಸದೆ ಬಾಗಿಲಲ್ಲೇ ತೆಗೆದುಕೊಂಡುಬಿಡಬಹುದು. ಔಷಧಿ, ಪಾಸ್‌ಪೋರ್ಟ್ ಯಾವತ್ತೂ ಹೆಗಲ ಚೀಲದಲ್ಲಿರಲಿ.

ದೋಣಿಯನ್ನೂ ಮರೆಯಬೇಡಿ. ಎಕ್ಸ್‌ಪ್ರೆಸ್ ದೇಸ್ ಈಲ್ ಅನ್ನುವ ವೇಗದ ಹಡಗು ಗ್ವಾಡಲೂಪ್, ಡೊಮಿನಿಕಾ, ಮಾರ್ಟಿನಿಕ್, ಸೇಂಟ್ ಲೂಸಿಯಾ ಸುತ್ತುತ್ತದೆ. ಗ್ವಾಡಲೂಪ್‌ನ ಮರಿ ದ್ವೀಪಗಳಾದ ಮಾರಿ-ಗಲಾಂತ್, ಲೆ ಸೇಂತ್‌ಗೆ ದೋಣಿಯೇ ಸರಿಯಾದ ದಾರಿ. ಸಮುದ್ರ ಒರಟಾಗಿದ್ದರೆ ಹೊಟ್ಟೆ ತೊಳಸುತ್ತದೆ, ಅದು ಗೊತ್ತಿರಲಿ.

ಕಾಯೆನ್‌ಗೆ ಹೋಗುವವರಿಗೆ ಹಳದಿ ಕಾರ್ಡ್

ಫ್ರೆಂಚ್ ಗಯಾನಾಕ್ಕೆ ಕಾಲಿಡಲು ಒಂದು ವರ್ಷ ದಾಟಿದ ಎಲ್ಲರಿಗೂ ಹಳದಿ ಜ್ವರದ ಲಸಿಕೆ ಕಡ್ಡಾಯ. ದೇಶದೊಳಗಿನ ವಿಮಾನ ಅಲ್ವಾ ಅಂತ ವಾದ ಮಾಡಿ ಪ್ರಯೋಜನವಿಲ್ಲ, ಮಾರ್ಟಿನಿಕ್‌ನಿಂದ ಹತ್ತುವಾಗಲೂ ಲಸಿಕೆಯ ಪ್ರಮಾಣಪತ್ರವಾದ ಹಳದಿ ಕಾರ್ಡ್ ಕೇಳುತ್ತಾರೆ. ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡ 10 ದಿನ ಆದ ಮೇಲೆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಭಾರತಕ್ಕೆ ಮರಳುವಾಗಲೂ ಇದು ಬೇಕು. ಹಳದಿ ಜ್ವರ ಇರುವ ಜಾಗದಿಂದ ಕಾರ್ಡ್ ಇಲ್ಲದೆ ಬಂದವರನ್ನು ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡುವ ನಿಯಮವಿದೆ.

ಸೇಂಟ್ ಮಾರ್ಟಿನ್, ಸೇಂಟ್ ಬಾರ್ಟ್ಸ್

ಸೇಂಟ್ ಮಾರ್ಟಿನ್ ಅರ್ಧ ಫ್ರಾನ್ಸ್, ಅರ್ಧ ನೆದರ್ಲೆಂಡ್ಸ್. ನಿಲ್ದಾಣವೂ ಎರಡು. ದೊಡ್ಡ ವಿಮಾನಗಳು ಇಳಿಯುವ ಜೂಲಿಯಾನಾ ಡಚ್ ಕಡೆಗಿದೆ, ಗ್ರಾಂದ್ ಕಾಸ್ ಫ್ರೆಂಚ್ ಕಡೆಗೆ. ಗ್ರಾಂದ್ ಕಾಸ್‌ನ ರನ್‌ವೇ ಸುಮಾರು 1,200 ಮೀಟರ್, ಎ320 ಹಿಡಿಸುವ ಜಾಗವಲ್ಲ. ಎಟಿಆರ್‌ನಲ್ಲಿ ಬಂದರೆ ಅಲ್ಲಿ ಇಳಿಯುತ್ತೀರಿ. ಜೂಲಿಯಾನಾದಲ್ಲಿ ಇಳಿದರೆ ಮೊದಲು ಡಚ್ ನಿಯಮ. ಕೋಡ್ ನೋಡಿ ಕೊಳ್ಳಿ: ಎಸ್‌ಎಕ್ಸ್‌ಎಂ ಡಚ್, ಎಸ್‌ಎಫ್‌ಜಿ ಫ್ರೆಂಚ್.

ಪಕ್ಕದ ಫ್ರೆಂಚ್ ದ್ವೀಪ ಸೇಂಟ್ ಬಾರ್ಟ್ಸ್‌ನ ರನ್‌ವೇ ಇನ್ನೂ ಚಿಕ್ಕದು, ಸುಮಾರು 650 ಮೀಟರ್. ಗುಡ್ಡದ ನೆತ್ತಿ ಸವರಿಕೊಂಡು ಇಳಿದು ಸಮುದ್ರದ ಅಂಚಿನಲ್ಲಿ ನಿಲ್ಲಬೇಕು. ಅಲ್ಲಿ ಇಳಿಸಲು ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ, ಅನುಮತಿ ಬೇಕು. ಟ್ವಿನ್ ಆಟರ್, ಸೆಸ್ನಾ ಕ್ಯಾರವಾನ್‌ನಂಥ ಸಣ್ಣ ವಿಮಾನಗಳು ಮಾತ್ರ, ಅದೂ ಹಗಲಲ್ಲಿ. ಸಂಜೆ ಹೊತ್ತಿಗೆ ಗ್ವಾಡಲೂಪ್ ಮುಟ್ಟುವ ದೊಡ್ಡ ವಿಮಾನ ಹಿಡಿದು ಅದೇ ದಿನ ಸೇಂಟ್ ಬಾರ್ಟ್ಸ್ ಸೇರುತ್ತೇನೆ ಅನ್ನುವುದು ಆಗದ ಮಾತು.

ಯಾವಾಗ?

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಸೇಂಟ್ ಮಾರ್ಟಿನ್ ಅನ್ನು ಧ್ವಂಸ ಮಾಡಿತು. ಅದೇ ತಿಂಗಳು ಮರಿಯಾ ಡೊಮಿನಿಕಾ, ಗ್ವಾಡಲೂಪ್‌ಗೆ ಹೊಡೆಯಿತು. ಡಿಸೆಂಬರ್‌ನಿಂದ ಏಪ್ರಿಲ್ ಒಣ ಹವೆ, ದರ ಜಾಸ್ತಿ. ಮುಷ್ಕರಗಳೂ ನಡೆಯುತ್ತವೆ. 2009ರಲ್ಲಿ ಗ್ವಾಡಲೂಪ್ 44 ದಿನ ಸ್ತಬ್ಧವಾಗಿತ್ತು, 2024ರಲ್ಲಿ ಮಾರ್ಟಿನಿಕ್ ಜನ ಬೆಲೆ ಏರಿಕೆ ವಿರುದ್ಧ ಬೀದಿಗಿಳಿದರು. ಸಾಮಾನೆಲ್ಲ ಸಾಗರದಾಚೆಯಿಂದ ಬರುವ ಊರಿನಲ್ಲಿ ಬದುಕು ದುಬಾರಿ, ಅವರ ಸಿಟ್ಟಿಗೆ ಕಾರಣವಿದೆ.

ಗ್ವಾಡಲೂಪ್‌ನಲ್ಲಿ ಒಂದು ದಿನ ಜಾಸ್ತಿ ಸಿಕ್ಕರೆ ಕಾಪೆಸ್ತೆರ್-ಬೆಲ್-ಓ ಊರಿನ ಶಾಂಜಿ ದೇವಸ್ಥಾನಕ್ಕೆ ಹೋಗಿ. 1854ರಿಂದ ಪುದುಚೇರಿ, ಕಾರೈಕಾಲ್ ಬಂದರುಗಳಿಂದ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹಡಗೇರಿದ 40 ಸಾವಿರಕ್ಕೂ ಹೆಚ್ಚು ಜನರ, ಬಹುಪಾಲು ತಮಿಳರ, ಮೊಮ್ಮಕ್ಕಳು ಕಾಪಾಡಿಕೊಂಡು ಬಂದ ನಂಬಿಕೆ ಅಲ್ಲಿದೆ. ನನ್ನ ಮಟ್ಟಿಗೆ ಇದು ಅಲ್ಲಿನ ಯಾವ ಬೀಚಿಗೂ ಕಡಿಮೆಯಲ್ಲ.

ತಡವಾದರೆ, ರದ್ದಾದರೆ

ಇವು ಯೂರೋಪಿಯನ್ ಒಕ್ಕೂಟದ ನೆಲವಾದ್ದರಿಂದ ಒಕ್ಕೂಟದ ವಿಮಾನ ಪ್ರಯಾಣಿಕರ ನಿಯಮ 261 ಇಲ್ಲೂ ನಡೆಯುತ್ತದೆ. ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. 1,500 ಕಿಲೋಮೀಟರ್ ಒಳಗಿನ ಹಾರಾಟ ಮೂರು ಗಂಟೆ ಅಥವಾ ಇನ್ನೂ ತಡವಾಗಿ ಮುಟ್ಟಿದರೆ 250 ಯೂರೋ ಪರಿಹಾರ ಕೇಳಬಹುದು. ಮಾರ್ಟಿನಿಕ್–ಕಾಯೆನ್ ಕೂಡ ಈ ಲೆಕ್ಕದೊಳಗೇ ಬರುತ್ತದೆ. ಚಂಡಮಾರುತ, ಜ್ವಾಲಾಮುಖಿಯ ಬೂದಿಯಂಥ ಕಾರಣಕ್ಕೆ ಪರಿಹಾರ ಇಲ್ಲ, ಆದರೂ ಕಾಯುವಷ್ಟು ಹೊತ್ತಿನ ಊಟ, ರಾತ್ರಿಯ ವಸತಿ ಕೊಡಲೇಬೇಕು. ಸೇಂಟ್ ಬಾರ್ಟ್ಸ್ 2012ರಲ್ಲಿ ಒಕ್ಕೂಟದಿಂದ ಹೊರಬಂದಿದೆ, ಹಾಗಾಗಿ ಅಲ್ಲಿಂದ ಹೊರಡುವ ಹಾರಾಟಕ್ಕೆ ಇದೇ ನಿಯಮ ನೆಚ್ಚಿಕೊಳ್ಳಬೇಡಿ. ತಡವಾದ ಕಾರಣವನ್ನು ಕೌಂಟರಿನಲ್ಲೇ ಬರಹದಲ್ಲಿ ಕೇಳಿ ಪಡೆಯಿರಿ, ಬೋರ್ಡಿಂಗ್ ಪಾಸ್ ಎಸೆಯಬೇಡಿ, ಅರ್ಜಿಯನ್ನು ವಿಮಾನ ಹಾರಿಸಿದ ಕಂಪನಿಗೇ ಕಳಿಸಿ, ಟಿಕೆಟ್ ಮಾರಿದ ಸೈಟಿಗಲ್ಲ.