ಮಡಚುವ ಚಾಕು: ಕೊಳ್ಳುವ ಮುನ್ನ ಲಾಕ್ ಪರೀಕ್ಷಿಸುವುದು ಹೇಗೆ?

ಮಡಚುವ ಚಾಕು ಕೊಳ್ಳಲು ಹೋದವರು ಮೊದಲು ನೋಡುವುದು ಅಲಗನ್ನು. ಯಾವ ಉಕ್ಕು, ಎಷ್ಟು ಉದ್ದ ಎಂದು ವಿಚಾರಿಸಿ, ಹರಿತವನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿ ದುಡ್ಡು ಕೊಡುತ್ತಾರೆ. ಹಣ್ಣು ಹೆಚ್ಚಲು ಅಷ್ಟು ಸಾಕು. ತೋಟದಲ್ಲಿ, ವೈರಿಂಗ್ ಕೆಲಸದಲ್ಲಿ, ಗೋದಾಮಿನಲ್ಲಿ ದಿನವಿಡೀ ದುಡಿಯುವ ಚಾಕುವಾದರೆ ಅಲಗಿಗಿಂತ ಮೊದಲು ನೋಡಬೇಕಾದದ್ದು ಅದನ್ನು ಬಿಚ್ಚಿದ ಸ್ಥಿತಿಯಲ್ಲಿ ಹಿಡಿದಿಡುವ ಲಾಕನ್ನು. ಮೊಂಡಾದ ಅಲಗಿಗೆ ಸಾಣೆ ಹಿಡಿಯಬಹುದು. ಲಾಕ್ ಜಾರಿದರೆ ಅಲಗು ಮಡಚಿಕೊಳ್ಳುವುದು ನಿಮ್ಮ ಬೆರಳುಗಳ ಮೇಲೆಯೇ.

'ಇಷ್ಟು ಕಿಲೋ ಭಾರ ತಡೆಯುತ್ತದೆ' ಎಂಬ ಜಾಹೀರಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸುಳ್ಳೆಂದಲ್ಲ, ಅದು ಹೊಚ್ಚ ಹೊಸ ಚಾಕುವಿಗೆ ನೇರವಾಗಿ ಭಾರ ತೂಗಿಸಿ ಪಡೆದ ಅಂಕಿ. ನಿಜವಾದ ಕೆಲಸದಲ್ಲಿ ಲಾಕ್ ಸೋಲುವುದು ಕೊಳೆಗೆ, ಸವೆತಕ್ಕೆ, ತಿರುಚುವ ಬಲಕ್ಕೆ. ಕೆಲವೊಮ್ಮೆ ನಮ್ಮದೇ ಬಿಗಿ ಮುಷ್ಟಿಗೆ.

ಬಲ ಯಾವ ಕಡೆಗೆ?

ಹಗ್ಗವನ್ನೋ ರಟ್ಟನ್ನೋ ಕತ್ತರಿಸುವಾಗ ಅಲಗಿನ ಬಾಯಿಯ ಮೇಲೆ ಬೀಳುವ ಒತ್ತಡ ಅದನ್ನು ಇನ್ನಷ್ಟು ಬಿಚ್ಚುವ ಕಡೆಗೇ ತಳ್ಳುತ್ತದೆ. ಹೆಚ್ಚಿನ ಲಾಕ್ ಚಾಕುಗಳಲ್ಲಿ ಆ ಬಲವನ್ನು ತಡೆಯುವುದು ಹಿಡಿಯೊಳಗಿನ ಚಿಕ್ಕ ಉಕ್ಕಿನ ಕಡ್ಡಿ, ಅಂದರೆ ಸ್ಟಾಪ್ ಪಿನ್. ಲಾಕ್ ಆಗ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅದಕ್ಕೆ ಕೆಲಸ ಬೀಳುವುದು ಮೊನೆಯಿಂದ ತೂತು ಕೊರೆಯುವಾಗ, ಹಸಿ ಮರದಲ್ಲಿ ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಕೀಳುವಾಗ, ಅಲಗಿನ ಬೆನ್ನು ಯಾವುದಕ್ಕಾದರೂ ಬಡಿದಾಗ. ನಿಮ್ಮ ಕೆಲಸದಲ್ಲಿ ಈ ಮೂರೂ ಇಲ್ಲವೆಂದಾದರೆ ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗಿನ ಬಲದಲ್ಲೇ ನಿಲ್ಲುವ ಚಾಕು ಸಾಕು. ಕಸಿ ಕಟ್ಟುವವರ ಎಷ್ಟೋ ಚಾಕುಗಳು, ಚಿಕ್ಕ ಸ್ವಿಸ್ ಜೇಬುಚಾಕುಗಳು ಈ ಬಗೆಯವೇ.

ಇನ್ನೊಂದು ತುದಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲಗಿನ ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳುವುದು, ಕೊಂಬೆ ಕಡಿಯುವುದು ಯಾವ ಮಡಚುವ ಚಾಕುವಿನ ಕೆಲಸವೂ ಅಲ್ಲ. ಅದಕ್ಕೆ ಕತ್ತಿ ಇದೆ.

ಲಾಕ್‌ಗಳ ಬಗೆ

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಲೈನರ್ ಲಾಕ್. ಹಿಡಿಯೊಳಗಿನ ತೆಳು ಲೋಹದ ಪಟ್ಟಿಯೊಂದು ಅಲಗು ಬಿಚ್ಚಿದೊಡನೆ ಪಕ್ಕಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಒತ್ತು ಕೊಟ್ಟು ನಿಲ್ಲುತ್ತದೆ. ಇದರ ಈಗಿನ ರೂಪ 1980ರ ದಶಕದ ಆರಂಭದಲ್ಲಿ ಅಮೆರಿಕದ ಮೈಕಲ್ ವಾಕರ್ ತಿದ್ದಿ ತೀಡಿದ್ದು. ಅಗ್ಗ, ಹಗುರ, ಒಂದೇ ಕೈಯಲ್ಲಿ ಮುಚ್ಚಬಹುದು. ಚೆನ್ನಾಗಿ ಮಾಡಿದ್ದಾದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ತಿರುಚುವ ಬಲಕ್ಕೆ ಪಟ್ಟಿ ಜಾರಬಹುದು, ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಕೈಗವಸು ತೊಟ್ಟವರಿಗೆ ಇದು ಇನ್ನೂ ಕಷ್ಟ.

ಅದೇ ತತ್ವದ ಗಟ್ಟಿ ರೂಪ ಫ್ರೇಮ್ ಲಾಕ್. ದಕ್ಷಿಣ ಆಫ್ರಿಕಾ ಮೂಲದ ಕ್ರಿಸ್ ರೀವ್ ತಮ್ಮ ಸೆಬೆಂಜಾ ಚಾಕುವಿನಿಂದ ಇದನ್ನು ಹೆಸರಿಗೆ ತಂದರು. ಇಲ್ಲಿ ಹಿಡಿಯ ಒಂದು ಪಕ್ಕವೇ ಲಾಕ್. ಹೀಗಾಗಿ ಬಿಗಿಯಾಗಿ ಹಿಡಿದಷ್ಟೂ ಮುಷ್ಟಿಯೇ ಲಾಕನ್ನು ಒಳಕ್ಕೆ ಒತ್ತುತ್ತದೆ. ಟೈಟಾನಿಯಂ ಪಟ್ಟಿ ಉಕ್ಕಿನ ಅಲಗಿಗೆ ಉಜ್ಜಿ ಸವೆಯುವುದರಿಂದ ಅನೇಕ ತಯಾರಕರು ತುದಿಗೆ ಉಕ್ಕಿನ ತುಂಡು ಕೂರಿಸುತ್ತಾರೆ. ಕೊಳ್ಳುವಾಗ ಅದು ಇದೆಯೇ ಎಂದು ನೋಡಿಕೊಳ್ಳಿ.

ಬ್ಯಾಕ್ ಲಾಕ್ ಹಳೆಯ ನಂಬುಗೆಯ ಆಳು. 1964ರಲ್ಲಿ ಅಮೆರಿಕದ ಬಕ್ ಕಂಪನಿ ತಂದ 110 ಮಾದರಿಯಿಂದ ಮನೆಮಾತಾಯಿತು. ಹಿಡಿಯ ಬೆನ್ನಿನುದ್ದಕ್ಕೂ ಇರುವ ಸನ್ನೆಯ (ಲಿವರ್) ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಬೆರಳು ಅಲಗಿನ ದಾರಿಗೆ ಬರುವುದಿಲ್ಲ, ಎಡಗೈಯವರಿಗೂ ಬಲಗೈಯವರಿಗೂ ಒಂದೇ. ಕೊರತೆ ಎಂದರೆ, ಆ ಕಚ್ಚಿನಲ್ಲಿ ಕಸ ಸೇರಿದರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ. ತೆಂಗಿನ ನಾರಿನ ಒಂದು ಗಂಟು ಸಾಕು: ಸನ್ನೆಯ ತುದಿ ಹಿಡಿಯ ಮಟ್ಟಕ್ಕಿಂತ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ, 'ಟಕ್' ಎನ್ನಬೇಕಾದದ್ದು ಮೆತ್ತಗೆ 'ಡಬ್' ಎನ್ನುತ್ತದೆ. ಕಿವಿಗೆ ಅದು ಗೊತ್ತಾದರೆ ಮುಂದಿನ ಕೆಲಸಕ್ಕೆ ಇಳಿಯಬೇಡಿ. ಇದೇ ಲಾಕಿನ ಸನ್ನೆಗೂ ಅಲಗಿಗೂ ನಡುವೆ ಸ್ಟಾಪ್ ಪಿನ್ ಒಂದನ್ನು ಸೇರಿಸಿ ಆಂಡ್ರ್ಯೂ ಡೆಮ್ಕೊ ರೂಪಿಸಿದ್ದು ಟ್ರೈ-ಆ್ಯಡ್. ಬಲವೆಲ್ಲ ಆ ಪಿನ್ನಿಗೆ ಹೋಗುತ್ತದೆ, ಕೊಕ್ಕೆಗೆ ಬೀಳುವುದು ಕಡಿಮೆ. ಮಡಚುವ ಚಾಕುವಿನಿಂದ ಒರಟು ಕೆಲಸವನ್ನೇ ಮಾಡಿಸಬೇಕೆನ್ನುವವರಿಗೆ ನನ್ನ ಓಟು ಇದಕ್ಕೆ. ಸ್ಪ್ರಿಂಗ್ ಬಿಗಿ, ಮುಚ್ಚಲು ಹೆಬ್ಬೆರಳಿಗೆ ಬಲ ಬೇಕು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಕ್ರಾಸ್‌ಬಾರ್ ಲಾಕನ್ನು ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆ್ಯಕ್ಸಿಸ್ ಎಂಬ ಹೆಸರಿನಲ್ಲಿ ತಂದಿತು. ಅಡ್ಡ ಚಿಲಕದಂತೆ ಉಕ್ಕಿನ ಕಡ್ಡಿಯೊಂದು ಅಲಗಿನ ಬುಡದ ಮೇಲೆ ಬಂದು ಕೂರುತ್ತದೆ. ಎರಡೂ ಕಡೆಯಿಂದ ಹಿಂದಕ್ಕೆಳೆದು ಮುಚ್ಚಬಹುದು. ಅದನ್ನು ದೂಡುವ ಎರಡು ಸ್ಪ್ರಿಂಗುಗಳು ಗುಂಡುಸೂಜಿಯಷ್ಟು ತೆಳು, ಒಮ್ಮೊಮ್ಮೆ ಮುರಿಯುತ್ತವೆ. ಒಂದು ಮುರಿದರೂ ಇನ್ನೊಂದು ಕೆಲಸ ನಡೆಸುತ್ತದೆ.

ಫ್ರಾನ್ಸಿನ ಓಪಿನೆಲ್ ಚಾಕುವಿನ ಉಂಗುರ ಲಾಕ್ 1955ರದು. ಸರಳ ವಿದ್ಯೆ: ಉಂಗುರ ತಿರುಗಿಸಿದರೆ ಸೀಳಿನ ಬಾಯಿ ಮುಚ್ಚುತ್ತದೆ, ಅಲಗು ಮಡಚಲು ಜಾಗವೇ ಇರುವುದಿಲ್ಲ. ತಿರುಗಿಸಲು ಮರೆತರೆ ಲಾಕೇ ಇಲ್ಲ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಅಲಗು ಬಿಗಿಯುತ್ತದೆ, ಮಲೆನಾಡಿನವರು ಇದನ್ನು ಗಮನದಲ್ಲಿಡಬೇಕು.

ಕೈಯಲ್ಲಿ ಹಿಡಿದು ನೋಡುವುದು

ಮೊದಲು ಚಾಕುವನ್ನು ನಿಧಾನವಾಗಿ ಬಿಚ್ಚಿ, ಆಮೇಲೆ ಜೋರಾಗಿ ಬಿಚ್ಚಿ. ಎರಡು ಸಲವೂ ಲಾಕ್ ಒಂದೇ ಜಾಗದಲ್ಲಿ ಕೂರಬೇಕು. ಲೈನರ್ ಅಥವಾ ಫ್ರೇಮ್ ಲಾಕ್ ಆದರೆ ಬೆಳಕಿಗೆ ಹಿಡಿದು ಅಲಗು ಮಡಚುವ ತೋಡಿನ ಕಡೆಯಿಂದ ನೋಡಿ. ಪಟ್ಟಿಯ ಪೂರ್ತಿ ದಪ್ಪ ಅಲಗಿನ ಬುಡದ ಮೇಲೆ ಬಂದಿರಬೇಕು. ಅಂಚು ಮಾತ್ರ ತಗುಲಿದ್ದರೆ ಬೇಡ. ಆಚೆ ಬದಿಯ ಗೋಡೆಗೆ ಹೋಗಿ ಒರಗಿದ್ದರೆ ಸವೆದು ಮುಗಿದಿದೆ ಎಂದರ್ಥ.

ಮುಂದಿನದು ಒತ್ತುವ ಪರೀಕ್ಷೆ. ಹಿಡಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯದೆ, ಬೆರಳುಗಳು ಅಲಗು ಮಡಚುವ ತೋಡಿನ ಮೇಲೆ ಬಾರದಂತೆ ಎರಡು ಪಕ್ಕಗಳಿಂದ ಹಿಡಿಯಿರಿ. ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗಿಟ್ಟು ಒತ್ತಡವನ್ನು ಮೆಲ್ಲಗೆ ಹೆಚ್ಚಿಸುತ್ತಾ ಹೋಗಿ. ಕೀಲಿನಲ್ಲಿ ಮಿಸುಕಾಟ ಕಂಡರೆ, ಪಟ್ಟಿ ಹಿಂದೆ ಸರಿದರೆ ಆ ಚಾಕುವನ್ನು ಅಲ್ಲೇ ಬಿಟ್ಟು ಬನ್ನಿ. ಬೆನ್ನನ್ನು ಮೇಜಿಗೆ ರಪರಪನೆ ಬಡಿದು ತೋರಿಸುವ ಶೂರರಿದ್ದಾರೆ. ಒಳ್ಳೆಯ ಲಾಕಿನ ಮುಖವೂ ಆ ಏಟಿಗೆ ಜಜ್ಜಿಹೋಗುತ್ತದೆ. ಪರೀಕ್ಷೆಯೇ ಚಾಕುವನ್ನು ಕೆಡಿಸಬಾರದು.

ಕೊನೆಗೆ, ಬಹಳ ಜನ ಬಿಟ್ಟುಬಿಡುವ ಪರೀಕ್ಷೆ. ಅಲಗನ್ನು ದಪ್ಪ ರಟ್ಟಿನಲ್ಲಿ ತೂರಿಸಿ, ಕೆಲಸದಲ್ಲಿ ಹಿಡಿಯುವ ಹಾಗೆಯೇ ಬಿಗಿಯಾಗಿ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ. ಬ್ಯಾಕ್ ಲಾಕಿನ ಸನ್ನೆ ಅಂಗೈಯ ಒತ್ತಡಕ್ಕೆ ಕೆಳಗಿಳಿಯುತ್ತದೆಯೇ, ಲೈನರ್ ಪಟ್ಟಿ ಬೆರಳಿನ ತುದಿಗೆ ಸಿಕ್ಕುತ್ತದೆಯೇ ಎಂಬುದು ತಿಳಿಯುವುದು ಇಲ್ಲಿಯೇ. ಇದು ಕೈಯಿಂದ ಕೈಗೆ ಬೇರೆ. ದೊಡ್ಡ ಕೈಯವರಿಗೆ ಸರಿಹೋದದ್ದು ನಿಮಗೆ ಹೊಂದಬೇಕೆಂದಿಲ್ಲ.

ಕೊಂಡ ಮೇಲೆ

ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗನ್ನು ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಕೀಲಿಗೆ ಒಂದೇ ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಲಾಕಿನ ಮುಖಕ್ಕೆ ಎಣ್ಣೆ ಬೇಡ, ಅಲ್ಲಿ ಧೂಳು ಅಂಟುತ್ತದೆ, ಜಾರಿಕೆಯೂ ಆಗುತ್ತದೆ. ಟೈಟಾನಿಯಂ ಲಾಕ್ ಅಂಟಿಕೊಂಡು ಬಿಡಿಸಲು ಕಷ್ಟವಾದರೆ ಅದರ ಮುಖಕ್ಕೆ ಪೆನ್ಸಿಲ್ ಉಜ್ಜಿ, ಸಾಮಾನ್ಯವಾಗಿ ಸರಿಹೋಗುತ್ತದೆ.

ಕಾನೂನಿನ ಎರಡು ಮಾತು. ಭಾರತದ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಬೇರೆಯಾಗಿ ನೋಡುತ್ತವೆ, ಮನೆ ಮತ್ತು ಕೃಷಿ ಬಳಕೆಯ ಉಪಕರಣಗಳಿಗೆ ವಿನಾಯಿತಿ ಇದೆ. ದೆಹಲಿಯಲ್ಲಿ ಬಟನ್ ಚಾಕುಗಳ ಮೇಲೆ ಇದಕ್ಕಿಂತ ಬಿಗಿಯಾದ ನಿರ್ಬಂಧವಿದೆ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಾಕೇ ತೊಡಕು: ಅಲ್ಲಿ ಕಾರಣವಿಲ್ಲದೆ ಜೇಬಿನಲ್ಲಿಟ್ಟು ಓಡಾಡಬಹುದಾದದ್ದು 3 ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ವಿಮಾನ ಹತ್ತುವಾಗ ಯಾವುದೇ ಚಾಕುವನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಲಗೇಜಿಗೆ ಹಾಕಿ.